ವೈರ್‌ಲೆಸ್ ಲಾಂಚ್ ಕಂಟ್ರೋಲರ್: ರೇಡಿಯೊಗೆ ಮೊದಲು ಪ್ಯಾಡ್ ಪೆಟ್ಟಿಗೆ ಸರಿಮಾಡಿ

ನೀವು ಕೇಳಿರುವುದು ಇಷ್ಟು: ಮಂಡ್ಯದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೀರಿ, ಗೆಳೆಯರ ಜೊತೆ ಮಾಡೆಲ್ ರಾಕೆಟ್ ಕಟ್ಟುತ್ತಿದ್ದೀರಿ, ಕೈಯಲ್ಲಿ ಎರಡು ಇಎಸ್‌ಪಿ32 (ಕೋಡ್ ಹಾಕಬಹುದಾದ, ರೇಡಿಯೊ ಇರುವ ಪುಟ್ಟ ಬೋರ್ಡ್) ಮತ್ತು ಒಂದು ರಿಲೇ ಬೋರ್ಡ್ (ಸಣ್ಣ ಸಿಗ್ನಲ್ಲಿಗೆ ಆನ್ ಆಗುವ ಸ್ವಿಚ್) ಇದೆ. ಮೊಬೈಲಿನಲ್ಲಿ ಬಟನ್ ಒತ್ತಿ ಹಾರಿಸಬಹುದೇ?

ಹಾರುತ್ತದೆ, ಆದರೆ ದಯವಿಟ್ಟು ಹಾಗೆ ಹಾರಿಸಬೇಡಿ. ನಾನು ಮೈಸೂರಿನವನು, ಇಂಥ ಪೆಟ್ಟಿಗೆಗಳನ್ನು ಕಟ್ಟಿದ್ದೇನೆ, ಹುಡುಗರು ಕಟ್ಟಿ ತಂದದ್ದನ್ನು ಬಿಚ್ಚಿಯೂ ನೋಡಿದ್ದೇನೆ. ಇಗ್ನೈಟರ್, ಅಂದರೆ ಮೋಟರಿಗೆ ಕಿಡಿ ಕೊಡುವ ತಂತಿ, ಹೊತ್ತಿಸುವುದು ಸುಲಭ. ನೀವು ಒತ್ತದಿರುವಾಗ ಅದು ಯಾವ ಕಾರಣಕ್ಕೂ ಹೊತ್ತಿಕೊಳ್ಳಬಾರದು, ಕಷ್ಟವೆಲ್ಲ ಅಲ್ಲೇ ಇರುವುದು. ಪ್ಯಾಡ್ (ರಾಕೆಟ್ ನಿಲ್ಲಿಸುವ ಜಾಗ) ಹತ್ತಿರ ಬಗ್ಗಿ ವೈರ್ ಸಿಕ್ಕಿಸುತ್ತಿರುವವರು ನಿಮ್ಮದೇ ಗೆಳೆಯರು ಅನ್ನುವುದನ್ನು ಮರೆಯಬೇಡಿ.

ನಿಜವಾಗಿ ವೈರ್‌ಲೆಸ್ ಬೇಕೇ ಅಂತಲೂ ಒಮ್ಮೆ ಯೋಚಿಸಿ. ಅಮೆರಿಕದ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿಯ ಸುರಕ್ಷತಾ ನಿಯಮದಲ್ಲಿ ಡಿ ದರ್ಜೆಯವರೆಗಿನ (ಮೋಟರಿನ ಶಕ್ತಿಯನ್ನು ಎ, ಬಿ, ಸಿ ಅಂತ ಅಕ್ಷರದಲ್ಲಿ ಹೇಳುತ್ತಾರೆ) ಮೋಟರಿಗೆ 15 ಅಡಿ, ಅದಕ್ಕಿಂತ ದೊಡ್ಡ ಮಾಡೆಲ್ ಮೋಟರಿಗೆ 30 ಅಡಿ ದೂರ ನಿಲ್ಲಬೇಕು ಅಂತಿದೆ. ಅಷ್ಟಕ್ಕೆ ದಪ್ಪ ವೈರೇ ಸಾಕು. ಮೊದಲು ವೈರಿನದೊಂದು ಕಟ್ಟಿ ಹಾರಿಸಿ. ಆಮೇಲೂ ದೂರ ಬೇಕು ಅನ್ನಿಸಿದರೆ ರೇಡಿಯೊ ಸೇರಿಸಿ.

ಈಗ ಪ್ಯಾಡ್ ಪೆಟ್ಟಿಗೆ, ಅಂದರೆ ರಾಕೆಟ್ ಪಕ್ಕದಲ್ಲಿ ಕೂತು ಇಗ್ನೈಟರಿಗೆ ಕರೆಂಟ್ ಕೊಡುವ ಪೆಟ್ಟಿಗೆ. ಇಎಸ್‌ಪಿ32 ಆನ್ ಆಗುವ ಕ್ಷಣದಲ್ಲಿ, ನಿಮ್ಮ ಕೋಡ್ ಓಡುವ ಮೊದಲೇ, 5, 14, 15ರಂಥ ಪಿನ್‌ಗಳಲ್ಲಿ ತಾನಾಗಿಯೇ ಸಿಗ್ನಲ್ ಬರುತ್ತದೆ. ಜೊತೆಗೆ, ಅಂಗಡಿಯಲ್ಲಿ ಸಿಗುವ ನೀಲಿ ರಿಲೇ ಬೋರ್ಡ್‌ಗಳಲ್ಲಿ ಹೆಚ್ಚಿನವು ಪಿನ್ ಲೋ (ಸೊನ್ನೆ ವೋಲ್ಟ್) ಆದಾಗ ಆನ್ ಆಗುವಂಥವು. ಇವೆರಡೂ ಸೇರಿದರೆ ಏನಾಗುತ್ತದೆ ಅಂತ ಕಣ್ಣಾರೆ ನೋಡಬೇಕು. ಇಗ್ನೈಟರ್ ಜಾಗದಲ್ಲಿ ಬೈಕಿನ 12 ವೋಲ್ಟ್, 10 ವ್ಯಾಟ್‌ನ ಇಂಡಿಕೇಟರ್ ಬಲ್ಬ್ ಹಾಕಿ. ಬೋರ್ಡಿಗೆ ಕರೆಂಟ್ ಕೊಡಿ, ತೆಗೆಯಿರಿ, ರೀಸೆಟ್ ಒತ್ತಿ, ಯುಎಸ್‌ಬಿ ಕಿತ್ತು ಮತ್ತೆ ಸಿಕ್ಕಿಸಿ. ರಿಲೇ ಒಮ್ಮೆ ಟಿಕ್ ಅಂದರೂ, ಬಲ್ಬಿನ ತಂತಿ ಅರೆಕ್ಷಣ ಕೆಂಪಾದರೂ ಆ ಪೆಟ್ಟಿಗೆ ಗದ್ದೆಗೆ ಹೋಗಕೂಡದು. 25, 26, 27, 32, 33 ಈ ಪಿನ್‌ಗಳು ಆನ್ ಆಗುವಾಗ ಸುಮ್ಮನಿರುತ್ತವೆ, ಅವನ್ನೇ ಬಳಸಿ.

ಒಂದೇ ಸ್ವಿಚ್ಚನ್ನು ನಂಬಬೇಡಿ. ರಿಲೇ ಕಾಂಟ್ಯಾಕ್ಟ್ ಅಂಟಿಕೊಳ್ಳುವುದುಂಟು, ಮಾಸ್‌ಫೆಟ್ (ಸ್ವಿಚ್ಚಿನಂತೆ ಬಳಸುವ ಟ್ರಾನ್ಸಿಸ್ಟರ್) ಸುಟ್ಟರೆ ಸಾಮಾನ್ಯವಾಗಿ ಶಾರ್ಟ್ ಆಗಿಯೇ ಕೂರುತ್ತದೆ. ಹಾಗಾಗಿ ಪ್ಲಸ್ ಕಡೆ ರಿಲೇ, ಮೈನಸ್ ಕಡೆ ಮಾಸ್‌ಫೆಟ್, ಎರಡಕ್ಕೂ ಬೇರೆ ಬೇರೆ ಪಿನ್. ಒಂದು ಕೆಟ್ಟರೂ ಇನ್ನೊಂದು ತಡೆಯುತ್ತದೆ. ಮಾಸ್‌ಫೆಟ್ ಗೇಟಿನಿಂದ (ಅದನ್ನು ಆನ್ ಮಾಡುವ ಕಾಲು) ಗ್ರೌಂಡಿಗೆ 10 ಕಿಲೋಓಮ್ ರೆಸಿಸ್ಟರ್ ಮರೆಯಬೇಡಿ. ಐಆರ್‌ಎಫ್‌ಝಡ್44ಎನ್ ಅನ್ನುವ ಮಾಸ್‌ಫೆಟ್ ತರಬೇಡಿ, 3.3 ವೋಲ್ಟಿಗೆ ಅದು ಪೂರ್ತಿ ತೆರೆಯುವುದಿಲ್ಲ. 3.3 ವೋಲ್ಟಿಗೇ ಪೂರ್ತಿ ತೆರೆಯುವ ಲಾಜಿಕ್ ಲೆವೆಲ್ ಮಾಸ್‌ಫೆಟ್ಟೇ ಕೇಳಿ ತನ್ನಿ, ಮೈಸೂರು ಮಂಡ್ಯದಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕೀ ಸ್ವಿಚ್. ವೈರಿನ ಕಂಟ್ರೋಲರಿನಲ್ಲಿ ಬ್ಯಾಟರಿ ನಿಮ್ಮ ಕೈಯಲ್ಲೇ ಇರುತ್ತದೆ. ವೈರ್‌ಲೆಸ್‌ನಲ್ಲಿ ಅದು ರಾಕೆಟ್ ಪಕ್ಕಕ್ಕೆ ಹೋಗಿ ಕೂರುತ್ತದೆ, ಅದಕ್ಕೇ ಪ್ಯಾಡ್ ಪೆಟ್ಟಿಗೆಗೂ ಕೀ ಬೇಕು. ಅದು ಕೋಡಿಗೆ ಹೇಳುವ ಕೀ ಆಗಬಾರದು, ಇಗ್ನೈಟರಿನ ಬ್ಯಾಟರಿ ವೈರನ್ನೇ ಕತ್ತರಿಸುವ ಕೀ ಆಗಬೇಕು. ಪ್ಯಾಡಿಗೆ ಹೋಗುವವರ ಜೇಬಿನಲ್ಲೇ ಅದು ಇರಲಿ. ಕೀ ತಿರುಗಿಸಿದೊಡನೆ ಬಜರ್ ಜೋರಾಗಿ ಕೂಗಲಿ. ಬಟನ್ ಒತ್ತಿಯೂ ಹಾರದಿದ್ದರೆ ಕೈಯಲ್ಲಿರುವ ಕಂಟ್ರೋಲರಿನ ಕೀ ತೆಗೆದು, ಕನಿಷ್ಠ 60 ಸೆಕೆಂಡ್ ಕಾದು, ಆಮೇಲೆ ಒಬ್ಬರೇ ಹತ್ತಿರ ಹೋಗಿ ಮೊದಲು ಪ್ಯಾಡಿನ ಕೀ ತೆಗೆಯಬೇಕು.

ಇಗ್ನೈಟರಿಗೊಂದು ಬ್ಯಾಟರಿ, ಇಎಸ್‌ಪಿ32ಗೆ ಇನ್ನೊಂದು. ಒಂದೇ ಆದರೆ ಹೊತ್ತಿಸುವ ಹೊತ್ತಿಗೆ ವೋಲ್ಟೇಜ್ ಕುಸಿದು ಬೋರ್ಡ್ ರೀಸೆಟ್ ಆಗುತ್ತದೆ. ಪವರ್ ಬ್ಯಾಂಕ್ ಬೇಡ, ಕಡಿಮೆ ಕರೆಂಟ್ ಎಳೆದರೆ ಎಷ್ಟೋ ಪವರ್ ಬ್ಯಾಂಕ್‌ಗಳು ತಾವೇ ಆಫ್ ಆಗಿಬಿಡುತ್ತವೆ.

ರೇಡಿಯೊ ವಿಷಯ ಚಿಕ್ಕದು. ಮೊಬೈಲ್ ಬಿಡಿ, ಅದರ ಪರದೆಯ ಮೇಲೆ ಬೆರಳು ಸೋಕಿದರೂ ಸಾಕು, ಇಗ್ನೈಟರ್ ಹೊತ್ತಿಕೊಂಡುಬಿಡುತ್ತದೆ. ಎರಡು ಇಎಸ್‌ಪಿ32 ನಡುವೆ ಇಎಸ್‌ಪಿ-ನೌ (ರೌಟರ್ ಇಲ್ಲದೆ ಅವು ನೇರವಾಗಿ ಮಾತಾಡುವ ವಿಧಾನ) ಬಳಸಿ, ಬಯಲಿನಲ್ಲಿ ನಿಮ್ಮ ದೂರಕ್ಕೆ ಅದು ಸಾಕು. ಲೋರಾ (ಇನ್ನೂ ಹೆಚ್ಚು ದೂರ ಹೋಗುವ ರೇಡಿಯೊ) ಹಾಕುವುದಾದರೆ ಒಂದು ಎಚ್ಚರ: ಸಿಗುವ ಉದಾಹರಣೆ ಕೋಡ್‌ಗಳಲ್ಲಿ ಸಾಮಾನ್ಯವಾಗಿ 915 ಮೆಗಾಹರ್ಟ್ಸ್ ಇರುತ್ತದೆ, ಅದು ಅಮೆರಿಕದ್ದು. ಇಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದದ್ದು 865ರಿಂದ 868 ಮೆಗಾಹರ್ಟ್ಸ್. ಕಳಿಸುವ ಕಡೆ ಎರಡು ಬಟನ್ ಒಟ್ಟಿಗೆ ಒತ್ತಿ ಹಿಡಿದಿರುವವರೆಗೆ ಮಾತ್ರ ಸಂದೇಶ ಹೋಗುತ್ತಿರಬೇಕು. ಅರ್ಧ ಸೆಕೆಂಡ್ ಸಂದೇಶ ಬಾರದಿದ್ದರೆ ಪ್ಯಾಡ್ ಪೆಟ್ಟಿಗೆ ತಾನೇ ಆಫ್ ಆಗಬೇಕು. ಪರೀಕ್ಷೆ ಸರಳ: ಬಲ್ಬ್ ಉರಿಯುತ್ತಿರುವಾಗ ಕಳಿಸುವ ಬೋರ್ಡಿನ ಬ್ಯಾಟರಿ ಕಿತ್ತುಬಿಡಿ, ಬಲ್ಬ್ ಆರಲೇಬೇಕು.

ಇಂಧನ ಮಾತ್ರ ನೀವೇ ಬೆರೆಸಲು ಹೋಗಬೇಡಿ. ಜೀವಕ್ಕೂ ಅಪಾಯ, 1884ರ ಸ್ಫೋಟಕ ಕಾಯ್ದೆಯ ತೊಡಕೂ ಇದೆ. ಮೋಟರ್ ತರಿಸುವುದು, ಪೊಲೀಸ್ ಠಾಣೆಗೆ ಪತ್ರ ಕೊಡುವುದು ಎಲ್ಲ ಕಾಲೇಜಿನ ಮೂಲಕವೇ ಆಗಲಿ. ಜಾಗಕ್ಕೆ ಮೈಸೂರಿನ ಕಡೆ ಬರುವುದಾದರೆ ಮಂಡಕಳ್ಳಿ ವಿಮಾನ ನಿಲ್ದಾಣದ ಸುತ್ತಮುತ್ತ ಬೇಡವೇ ಬೇಡ. ನಿಮ್ಮ ಕಡೆ ಭತ್ತ ಕೊಯ್ದ ಗದ್ದೆ ಒಳ್ಳೆಯದು, ಆದರೆ ಪಕ್ಕದಲ್ಲಿ ಕಬ್ಬು ಇರಬಾರದು. ಒಣಗಿದ ಸೋಗೆಗೆ ಒಂದು ಕಿಡಿ ಬಿದ್ದರೆ ರೈತರ ವರ್ಷದ ಬೆಳೆ ಹೋಗುತ್ತದೆ. ಪ್ಯಾಡಿನ ಸುತ್ತ ಹುಲ್ಲು ಕೆರೆದು ನೀರು ಚೆಲ್ಲಿ, ಎರಡು ಬಕೆಟ್ ನೀರು ಪಕ್ಕದಲ್ಲೇ ಇಟ್ಟುಕೊಳ್ಳಿ.

ಸರ್ಕ್ಯೂಟ್ ಬರೆದ ಮೇಲೆ ಫೋಟೊ ಇಲ್ಲೇ ಹಾಕಿ, ಬೆಸುಗೆ ಹಾಕುವ ಮುಂಚೆಯೇ ನೋಡಿ ಹೇಳುತ್ತೇನೆ.