12ನೇ ಕಾಲ್ ಬಂದ ಕೂಡಲೇ ಎಲ್ಲ ಕಾಲ್‌ಗಳೂ ಯಾಕೆ ಕೆಡುತ್ತವೆ?

ಎರಡು ಆಫೀಸ್‌ಗಳ ನಡುವೆ 1 ಎಂಬಿಪಿಎಸ್ ಲಿಂಕ್, ವಾಯ್ಸ್‌ಗೆ ಪ್ರಯಾರಿಟಿ ಕೊಟ್ಟಿದ್ದೀರಿ. 11 ಕಾಲ್‌ವರೆಗೆ ಚೆನ್ನಾಗಿದೆ, 12ನೇದು ಸೇರಿದರೆ ಎಲ್ಲರ ಮಾತೂ ತುಂಡಾಗುತ್ತದೆ. ಮೂರನೇ ಆಫೀಸ್ ಮೂಲಕ ಸುತ್ತಿಸಿದರೆ ಸರಿಹೋಗುತ್ತದಾ ಅಂತ ಕೇಳಿದ್ದೀರಿ. ರೂಟಿಂಗ್‌ಗೆ ಕೈ ಹಾಕುವ ಮೊದಲು ಲೆಕ್ಕ ನೋಡೋಣ ಸರ್.

ಮಾತನ್ನು ಡಿಜಿಟಲ್ ಡೇಟಾ ಮಾಡುವ ಜಿ.711 ಕೋಡೆಕ್ 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್ ಕಳಿಸುತ್ತದೆ. ಅದರಲ್ಲಿ ಮಾತು 160 ಬೈಟ್. ಪ್ಯಾಕೆಟ್ ತಲುಪಿಸಲು ಮುಂದೆ ಅಂಟಿಸುವ ಆರ್‌ಟಿಪಿ, ಯುಡಿಪಿ, ಐಪಿ ಹೆಡರ್‌ಗಳು ಸೇರಿ 40, ಈಥರ್ನೆಟ್‌ಗೆ 18. ಒಟ್ಟು 218 ಬೈಟ್, ಸೆಕೆಂಡಿಗೆ 50 ಸಲ. ಅಂದರೆ ಒಂದು ದಿಕ್ಕಿಗೆ 87.2 ಕೆಬಿಪಿಎಸ್. ಹೆಡರ್ ಬಿಟ್ಟು ಸುಮ್ನೆ ಮಾತಿನ 64 ಕೆಬಿಪಿಎಸ್ ಅಂತ ಹಿಡಿದರೆ 15 ಕಾಲ್ ಆಗಬಹುದು ಅನಿಸುತ್ತದೆ. ನಿಜವಾಗಿ 11 ಕಾಲ್‌ಗೆ 959, 12ಕ್ಕೆ 1046. ಲಿಂಕ್ ಅಲ್ಲೇ ತುಂಬಿಹೋಯಿತು.

ಹೊಸ ಕಾಲ್ ಒಂದೇ ಯಾಕೆ ಕೆಡುವುದಿಲ್ಲ ಅಂದರೆ, ರೌಟರ್‌ನಲ್ಲಿ ಪ್ಯಾಕೆಟ್‌ಗಳು ಕಾಯುವ ಕ್ಯೂಗೆ ಯಾವ ಪ್ಯಾಕೆಟ್ ಯಾವ ಕಾಲ್‌ನದು ಅಂತ ಗೊತ್ತಿಲ್ಲ. ಅದು ನೋಡುವುದು ಪ್ಯಾಕೆಟ್ ಮೇಲಿನ ಡಿಎಸ್‌ಸಿಪಿ 46 ಅನ್ನುವ ಪ್ರಯಾರಿಟಿ ಗುರುತು ಮಾತ್ರ. 12 ಕಾಲ್‌ಗಳಿಗೂ ಅದೇ ಗುರುತು. ಹಿಡಿಸದ 46 ಕೆಬಿಪಿಎಸ್ ಎಲ್ಲರ ಪಾಲಿನಿಂದಲೂ ಬೀಳುತ್ತದೆ, ನೂರಕ್ಕೆ ನಾಲ್ಕು ಪ್ಯಾಕೆಟ್‌ಗಿಂತ ಜಾಸ್ತಿ. ಪ್ರಯಾರಿಟಿ ಇರುವುದು ಡೌನ್‌ಲೋಡ್, ಮೇಲ್‌ಗಳನ್ನು ಹಿಂದೆ ತಳ್ಳುವುದಕ್ಕೆ. ವಾಯ್ಸ್ ವಾಯ್ಸ್‌ಗೇ ಅಡ್ಡ ಬಂದಾಗ ಅದು ಏನೂ ಮಾಡಲಾರದು.

ಹಾಗಾಗಿ ಜಾಗ ಇಲ್ಲದಾಗ ಹೊಸ ಕಾಲ್ ಬೇಡ ಅನ್ನುವ ಕೆಲಸ ಕಾಲ್ ಶುರುವಾಗುವಾಗಲೇ ಆಗಬೇಕು. ಅದೇ ಅಡ್ಮಿಷನ್ ಕಂಟ್ರೋಲ್. 1997ರಲ್ಲಿ ಬಂದ ಆರ್‌ಎಸ್‌ವಿಪಿ ಅನ್ನುವ ಪ್ರೋಟೋಕಾಲ್ ದಾರಿಯ ಪ್ರತಿ ರೌಟರ್‌ನಲ್ಲೂ ಜಾಗ ಕಾಯ್ದಿರಿಸಿಕೊಂಡೇ ಮುಂದೆ ಹೋಗುತ್ತಿತ್ತು. ದೊಡ್ಡ ನೆಟ್‌ವರ್ಕ್‌ನಲ್ಲಿ ಒಂದೊಂದು ಹರಿವನ್ನೂ ನೆನಪಿಡುವುದು ರೌಟರ್‌ಗಳಿಗೆ ಹೊರೆ. ಮರುವರ್ಷವೇ ಬಂದ ಡಿಫ್‌ಸರ್ವ್ ಅನ್ನುವ ವಿಧಾನ ಬರೀ ಗುರುತು ನೋಡಿ ಕೆಲಸ ಮಾಡುತ್ತದೆ, ಆದರೆ ತಾನಾಗಿ ಯಾರನ್ನೂ ತಡೆಯುವುದಿಲ್ಲ. ನಿಮ್ಮಲ್ಲಿರುವುದು ಇದೇ.

ನಿಮ್ಮಷ್ಟು ಚಿಕ್ಕ ಜಾಲಕ್ಕೆ ಆಫೀಸ್‌ನ ಫೋನ್ ಎಕ್ಸ್‌ಚೇಂಜ್ ಆದ ಪಿಬಿಎಕ್ಸ್‌ನಲ್ಲೇ ಕಾಲ್‌ಗಳನ್ನು ಎಣಿಸಿದರೆ ಸಾಕು. ಆಸ್ಟರಿಸ್ಕ್ ಅನ್ನುವ ಪಿಬಿಎಕ್ಸ್ ಸಾಫ್ಟ್‌ವೇರ್ ಆದರೆ ಗ್ರೂಪ್ ಕೌಂಟ್ ಫಂಕ್ಷನ್ ಇದೆ. ಮಿತಿ 11 ಇಡಬೇಡಿ, 8 ಇಡಿ. ಸುಮಾರು 700 ಕೆಬಿಪಿಎಸ್ ಆಗುತ್ತದೆ, ಕಾಲ್ ಜೋಡಿಸುವ ಸಿಗ್ನಲಿಂಗ್‌ಗೂ ಉಳಿದ ಕೆಲಸಕ್ಕೂ ಉಸಿರಾಡಲು ಜಾಗ ಉಳಿಯುತ್ತದೆ. 8 ಸಾಲದಿದ್ದರೆ ಮಾತನ್ನು ಇನ್ನೂ ಕುಗ್ಗಿಸುವ ಜಿ.729 ಕೋಡೆಕ್ ಹಾಕಿ. ಅದೇ ಲೆಕ್ಕದಲ್ಲಿ ಕಾಲ್‌ಗೆ 31.2 ಮಾತ್ರ. ಮಾತಿನ ಗುಣಮಟ್ಟ ಸ್ವಲ್ಪ ಇಳಿಯುತ್ತದೆ, ಆದರೂ ತುಂಡಾಗುವ ಮಾತಿಗಿಂತ ಎಷ್ಟೋ ವಾಸಿ.

ಈಗ ಸುತ್ತುದಾರಿ. ಹೊಸ ಕಾಲ್‌ಗೆ ಜಾಗ ಇಲ್ಲದ ಲಿಂಕ್‌ಗಳನ್ನು ಮೊದಲು ಬಿಟ್ಟು, ಉಳಿದವುಗಳಲ್ಲಿ ಹತ್ತಿರದ ದಾರಿ ಹಿಡಿಯುವುದು ಕ್ಯೂಒಎಸ್ (ಸೇವೆಯ ಗುಣಮಟ್ಟ ನೋಡುವ) ರೂಟಿಂಗ್‌ನ ಸರಳ ರೀತಿ. ಆದರೆ ಮೂರನೇ ಆಫೀಸ್ ಮೂಲಕ ಹೋಗುವ ಪ್ರತಿ ಕಾಲ್ ಎರಡು ಲಿಂಕ್‌ಗಳಲ್ಲೂ 87.2 ತಿನ್ನುತ್ತದೆ. ಎಲ್ಲ ಕಡೆ ಕಾಲ್ ಜಾಸ್ತಿಯಾದ ಹೊತ್ತಿನಲ್ಲಿ ಸುತ್ತಿಸಿದರೆ ಅಲ್ಲಿಯವರ ನೇರ ಕಾಲ್‌ಗಳಿಗೆ ಜಾಗ ಇರುವುದಿಲ್ಲ. ಅವರೂ ಸುತ್ತಿಸಲು ಶುರು ಮಾಡುತ್ತಾರೆ, ಒಟ್ಟು ಹಿಡಿಸುವ ಕಾಲ್‌ಗಳೇ ಕಡಿಮೆಯಾಗುತ್ತವೆ. ಅದಕ್ಕೆ ಪ್ರತಿ ಲಿಂಕ್‌ನಲ್ಲೂ ಕೊನೆಯ ಎರಡು ಕಾಲ್‌ಗಳ ಜಾಗವನ್ನು ನೇರ ಕಾಲ್‌ಗಳಿಗೇ ಮೀಸಲಿಡಿ. ನಡೆಯುತ್ತಿರುವ ಕಾಲ್‌ನ ದಾರಿಯನ್ನು ಮಧ್ಯದಲ್ಲಿ ಬದಲಿಸಬೇಡಿ. ಆ ಕ್ಷಣದ ಲೋಡ್ ನೋಡಿ ರೂಟ್ ಬದಲಿಸುತ್ತಾ ಹೋದರೆ ಟ್ರಾಫಿಕ್ ಒಂದು ಲಿಂಕ್‌ನಿಂದ ಇನ್ನೊಂದಕ್ಕೆ ತೂಗಾಡುತ್ತದೆ. ಇಂಟರ್ನೆಟ್‌ಗೂ ಮೊದಲಿನ ಅರ್ಪಾನೆಟ್‌ನಲ್ಲೇ ಈ ತೊಂದರೆ ಕಂಡು, 1987ರಲ್ಲಿ ರೂಟಿಂಗ್ ಲೆಕ್ಕವನ್ನೇ ತಿದ್ದಬೇಕಾಯಿತು.

ಮೊದಲು ಮಿತಿ 8 ಇಟ್ಟು 9ನೇ ಕಾಲ್ ಮಾಡಿ ನೋಡಿ. ಅದಕ್ಕೆ ಬಿಜಿ ಟೋನ್ ಬರಬೇಕು, ಉಳಿದ 8ರ ಆರ್‌ಟಿಸಿಪಿ ವರದಿಯಲ್ಲಿ (ಕಾಲ್‌ನ ಗುಣಮಟ್ಟದ ಲೆಕ್ಕ) ಪ್ಯಾಕೆಟ್ ಲಾಸ್ ಸೊನ್ನೆ ಇರಬೇಕು. ಆ ಅಂಕಿಗಳ ಜೊತೆ ಮೂರನೇ ಆಫೀಸ್‌ನ ಎರಡೂ ಲಿಂಕ್‌ಗಳ ವೇಗವನ್ನೂ ಇಲ್ಲಿ ಹಾಕಿ, ಸುತ್ತುದಾರಿಗೆ ಎಷ್ಟು ಕಾಲ್ ಬಿಡಬಹುದು ಅಂತ ಲೆಕ್ಕ ಹಾಕಿ ಕೊಡುತ್ತೇನೆ.