ಮದುವೆ ಮಾಡಿದರೆ ತಮ್ಮ ಸರಿಹೋಗುತ್ತಾನಾ?

ಮೂಡಿಗೆರೆ ಕಡೆಯಿಂದ ಓದುಗರೊಬ್ಬರು ಬರೆದಿದ್ದಾರೆ: "ತಮ್ಮನಿಗೆ 26 ವರ್ಷ. ಕಾಫಿ ಕೊಯ್ಲಿನ ಹೊತ್ತಿಗೆ ರಾತ್ರಿ ಎರಡು ಗಂಟೆ ಮಲಗಿದರೂ ಸುಸ್ತಿರಲಿಲ್ಲ. ಮಾತು ನಿಲ್ಲುತ್ತಿರಲಿಲ್ಲ. ಸಾಲ ಮಾಡಿ ಬೈಕ್ ತಂದ. ಮಳೆ ಹಿಡಿದ ಮೇಲೆ ಹಾಸಿಗೆ ಬಿಟ್ಟು ಏಳುತ್ತಿಲ್ಲ. ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದೆವು. ಮದುವೆ ಮಾಡಿ, ಸರಿಹೋಗುತ್ತಾನೆ ಅನ್ನುತ್ತಾರೆ. ಇದು ಹುಚ್ಚಾ?"

ಆ ಪದ ಬೇಡ. ಹತ್ತಾರು ಬೇರೆ ಬೇರೆ ಕಾಯಿಲೆಗಳನ್ನು ನಾವು ಆ ಒಂದೇ ಪದದೊಳಗೆ ತುರುಕಿದ್ದೇವೆ. ಎರಡು ವಾರ ದಾಟಿದರೂ ಯಾವುದರಲ್ಲೂ ಆಸೆಯಿಲ್ಲ, ನಿದ್ದೆ ಊಟ ಕೆಟ್ಟಿದೆ ಅಂದರೆ ಖಿನ್ನತೆ ಇರಬಹುದು. ಕಾರಣವಿಲ್ಲದೆ ಎದೆ ಹೊಡೆದುಕೊಂಡು ಈಗಲೇ ಸಾಯುತ್ತೇನೆ ಅನ್ನಿಸುವುದು ಆತಂಕದ ಕಾಯಿಲೆಯಲ್ಲಿ ಕಾಣುತ್ತದೆ. ಯಾರೂ ಇಲ್ಲದಾಗ ದನಿ ಕೇಳಿಸುವುದು, ಎಲ್ಲರೂ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ ಅನ್ನಿಸುವುದು ಸ್ಕಿಜೋಫ್ರೇನಿಯಾದಲ್ಲಿ ಜಾಸ್ತಿ.

ಪತ್ರ ಓದಿ ಕಾಯಿಲೆ ಹೇಳಲು ನಾನು ಡಾಕ್ಟರಲ್ಲ. ಆದರೆ ನೀವು ಬರೆದ ಆ ಏರು, ಈ ಇಳಿತ ನೋಡಿದರೆ ಬೈಪೋಲಾರ್ ಕಾಯಿಲೆ ನೆನಪಾಗುತ್ತದೆ. ಅದರಲ್ಲಿ ಮನಸ್ಸು ಕೆಲಕಾಲ ಅತಿಯಾಗಿ ಏರುತ್ತದೆ, ಕೆಲಕಾಲ ಖಿನ್ನತೆಗೆ ಇಳಿಯುತ್ತದೆ. ಇಲ್ಲೇ ಹೆಚ್ಚಿನ ಮನೆಗಳು ಎಡವುವುದು. ಮಲಗಿದವನನ್ನು ಮಾತ್ರ ಡಾಕ್ಟರಿಗೆ ತೋರಿಸುತ್ತೇವೆ. ಕೊಯ್ಲಿನಲ್ಲಿ ಹಗಲು ರಾತ್ರಿ ಓಡಾಡಿದ್ದನ್ನು "ಆಗ ಚೆನ್ನಾಗಿದ್ದ" ಅಂದುಬಿಡುತ್ತೇವೆ. ಬೈಪೋಲಾರ್ ಇದ್ದವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಮತ್ತೆ ಆ ಏರು ಬಂದುಬಿಡಬಹುದು. ಆದ್ದರಿಂದ ಬೈಕ್, ಸಾಲ, ನಿದ್ದೆಯಿಲ್ಲದ ರಾತ್ರಿ, ಎಲ್ಲವನ್ನೂ ತಿಂಗಳ ಸಮೇತ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಲಿಥಿಯಂನಂಥ ಒಳ್ಳೆಯ ಔಷಧಿಗಳಿವೆ. ಅದಕ್ಕೆ ಆಗಾಗ ರಕ್ತ ಪರೀಕ್ಷೆ ಬೇಕು. ಸರಿಹೋದ ಅಂತ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಹರಕೆ ಹೊತ್ತುಕೊಳ್ಳಿ, ನನ್ನ ಅಡ್ಡಿಯಿಲ್ಲ. ಮದುವೆ ಮಾತ್ರ ಈಗ ಬೇಡ. ಮದುವೆಮನೆಯ ನಿದ್ದೆಗೇಡೇ ಇಂಥವರನ್ನು ಮತ್ತೆ ಕೆಡಿಸಬಹುದು. ಅವನು ಹುಷಾರಾಗಿ, ನೆಲೆ ನಿಂತ ಮೇಲೆ, ಹುಡುಗಿಗೆ ಎಲ್ಲ ಹೇಳಿಯೇ ಮಾಡಿ. ಗೊತ್ತಿಲ್ಲದೆ ಬಂದ ಹೆಣ್ಣುಮಗಳು ಅಳುವುದನ್ನು ನಮ್ಮ ಊರುಗಳಲ್ಲಿ ಎಷ್ಟು ನೋಡಿಲ್ಲ, ಅಲ್ವಾ?

ಇನ್ನೊಂದು ಮಾತು, ಇವತ್ತೇ ಮಾಡಬೇಕಾದದ್ದು. ತೋಟಕ್ಕೆ ಹೊಡೆಯುವ ಔಷಧಿಯನ್ನು ಬೀಗದೊಳಗಿಡಿ. ಸಾಯಬೇಕು ಅನ್ನಿಸುತ್ತಿದೆಯಾ ಅಂತ ತಮ್ಮನನ್ನು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು. ಹೌದು ಅಂದರೆ ಒಬ್ಬನನ್ನೇ ಬಿಡದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ. 14416 ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮೊದಲ ಕರೆ ನೀವೇ ಮಾಡಿ, ಅವನು ಏಳುವವರೆಗೆ ಕಾಯಬೇಡಿ.