ಹತ್ತು ಹಾಡಿನ ಪಟ್ಟಿ ಬೇಡ, ಜೋಡಿಯಾಗಿ ಕೇಳಿ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: “ರೇಡಿಯೊದಲ್ಲಿ ಬರುವ ಸಿನಿಮಾ ಹಾಡು ಬಿಟ್ಟರೆ ನನಗೆ ಬೇರೆ ಸಂಗೀತ ಗೊತ್ತಿಲ್ಲ. ಈಗ ನಿವೃತ್ತನಾಗಿದ್ದೇನೆ, ಪುರುಸೊತ್ತಿದೆ. ಶಾಸ್ತ್ರೀಯದಿಂದ ಹಿಡಿದು ಮಗಳು ಕೇಳುವ ರಾಕ್‌ವರೆಗೆ ಪ್ರಕಾರಕ್ಕೊಂದರಂತೆ ಹತ್ತು ಹಾಡು ಸೂಚಿಸಿ. ರಾಗ, ತಾಳ ತಿಳಿಯದು.”

ಸಂಪಾದಕರ ಉತ್ತರ:

ಪಟ್ಟಿ ಕೊಡುವುದು ಕಷ್ಟವಲ್ಲ ಸ್ವಾಮಿ, ಆದರೆ ಪ್ರಕಾರಕ್ಕೊಂದು ಕೇಳಿದರೆ ಯಾವುದೂ ಕಿವಿಯಲ್ಲಿ ನಿಲ್ಲುವುದಿಲ್ಲ. ನಿಮಗೆ ಬಾಯಿಪಾಠವಿರುವ ಸಾಹಿತ್ಯವನ್ನೇ ಬೇರೆ ಬೇರೆ ಗಾಯಕರಲ್ಲಿ ಕೇಳಿ. ಮಾತು ಅದೇ ಆಗಿದ್ದಾಗ ಸಂಗೀತ ಏನು ಮಾಡುತ್ತಿದೆ ಎಂಬುದರ ಕಡೆಗೇ ಗಮನ ಹೋಗುತ್ತದೆ.

ಪುರಂದರದಾಸರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಗೊತ್ತಿಲ್ಲದ ಮನೆಯುಂಟೆ? ಎಂ.ಎಸ್. ಸುಬ್ಬುಲಕ್ಷ್ಮಿಯವರು ಮಧ್ಯಮಾವತಿ ರಾಗದಲ್ಲಿ ಹಾಡಿದ್ದನ್ನು ಮೊದಲು ಕೇಳಿ. ಅದು ಕರ್ನಾಟಕ ಸಂಗೀತ. ಆಮೇಲೆ ಗದುಗಿನ ಭೀಮಸೇನ ಜೋಶಿಯವರನ್ನು ಹಾಕಿ. ಅವರಿಗೆ ‘ಬಾರಮ್ಮ’ ಎಂಬ ಒಂದು ಕರೆ ಸಾಕು. ಅದನ್ನೇ ಎಳೆದು, ತಿರುವಿ, ಮತ್ತೆ ಮೊದಲಿಗೆ ಬರುತ್ತಾರೆ. ಹಿಂದುಸ್ತಾನಿ ಎಂದರೇನು ಎಂದು ಯಾರನ್ನೂ ಕೇಳಬೇಕಾಗಿಲ್ಲ.

ಎರಡನೆಯದು ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’. ಯಮುನಾಕಲ್ಯಾಣಿ ರಾಗ, ಮಿಶ್ರಛಾಪು ತಾಳ. ತಾಳ ತಿಳಿಯದು ಎಂದಿರಲ್ಲ, ತೊಡೆಯ ಮೇಲೆ ಮೂರು, ನಾಲ್ಕು, ಮತ್ತೆ ಮೂರು, ನಾಲ್ಕು ಎಂದು ತಟ್ಟುತ್ತ ಕೇಳಿ: ತಕಿಟ, ತಕಧಿಮಿ. ಸ್ವಲ್ಪ ಹೊತ್ತಿನಲ್ಲಿ ಕೈಯೇ ಕಲಿತುಬಿಡುತ್ತದೆ. ಬೇಗನೆ ಬಾ ಎನ್ನುವ ಹಾಡನ್ನು ಇಷ್ಟು ನಿಧಾನವಾಗಿ ಹಾಡುತ್ತಾರಲ್ಲ ಎಂದು ನಗು ಬಂದರೆ ನಕ್ಕುಬಿಡಿ. ನಂತರ 1996ರ ‘ಕಲೋನಿಯಲ್ ಕಸಿನ್ಸ್’ ಆಲ್ಬಂ. ಅಲ್ಲಿ ಹರಿಹರನ್ ಇದೇ ಕನ್ನಡ ಪಲ್ಲವಿ ಹಾಡುತ್ತಾರೆ, ಜೊತೆಗೆ ಲೆಸ್ಲಿ ಲೂಯಿಸ್ ಅವರ ಇಂಗ್ಲಿಷ್ ಸಾಲು, ಗಿಟಾರ್. ಮಡಿವಂತರು ಆಗ ಮೂಗು ಮುರಿದಿರಬಹುದು, ನನಗಂತೂ ಇಷ್ಟ.

ಮಗಳ ರಾಕ್‌ಗೆ ಹೋಗಲು ಶಿಶುನಾಳ ಶರೀಫರೇ ದಾರಿ. ಇಲ್ಲಿ ಹಾಡು ಬೇರೆ, ಕವಿ ಒಬ್ಬನೇ. ಸಿ. ಅಶ್ವತ್ಥರ ‘ಕೋಡಗನ ಕೋಳಿ ನುಂಗಿತ್ತ’ ಕೇಳಿದ ಬೆನ್ನಿಗೇ ರಘು ದೀಕ್ಷಿತ್ 2008ರಲ್ಲಿ ತಂದ ‘ಗುಡುಗುಡಿಯ ಸೇದಿ ನೋಡೋ’ ಹಾಕಿ. 1889ರಲ್ಲಿ ತೀರಿಕೊಂಡ ತತ್ವಪದಕಾರನ ಮಾತಿಗೆ ಡ್ರಮ್ಮು, ಗಿಟಾರು ಎಷ್ಟು ಸಲೀಸಾಗಿ ಒಗ್ಗಿವೆ! ಇದನ್ನು ಮಗಳ ಜೊತೆಗೇ ಕೂತು ಕೇಳಿ, ಗುಡುಗುಡಿ ಎಂದರೆ ಏನೆಂದು ಅವಳಿಗೆ ನೀವು ಹೇಳಿಕೊಡಬೇಕಾದೀತು.

ಕೊನೆಗೆ ಒಂಟಿಯಾಗಿ ಒಂದು: ಮಲ್ಲಿಕಾರ್ಜುನ ಮನಸೂರರು ಹಾಡಿದ ಅಕ್ಕಮಹಾದೇವಿಯ ವಚನ, ‘ಅಕ್ಕ ಕೇಳವ್ವಾ’. ವಚನಕ್ಕೆ ಕೀರ್ತನೆಯಂತೆ ಪಲ್ಲವಿ, ಚರಣಗಳ ಕಟ್ಟಿಲ್ಲ. ಎಲ್ಲಿ ನಿಲ್ಲಬೇಕು, ಎಲ್ಲಿಗೆ ಮರಳಬೇಕು ಎಂಬುದನ್ನು ಗಾಯಕನೇ ಹುಡುಕಿಕೊಳ್ಳಬೇಕು. ಇದಕ್ಕೆ ಜೋಡಿ ಹುಡುಕಲು ನನಗೆ ಮನಸ್ಸು ಬರಲಿಲ್ಲ.

ಕಂಸಾಳೆಯನ್ನು ಬೇಕೆಂದೇ ಬಿಟ್ಟಿದ್ದೇನೆ. ತಿರುಗುತ್ತ, ಬಾಗುತ್ತ ಕಂಚಿನ ತಾಳ ಬಡಿಯುವ ಆ ಕುಣಿತ ಮೊಬೈಲಿಗೆ ಹಿಡಿಸುವುದಲ್ಲ. ಶಿವರಾತ್ರಿಗೆ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗಿ ಬನ್ನಿ.